ನಾಲ್ಕನೇ ಜ್ವರದ ಬಿಡುವು

ರೇಷ್ಮೆ ಹುಳ ಜ್ವರಕ್ಕೆ ಕೂತ ದಿನವೇ ಮಾವನ ಓಮ್ನಿಗೆ ರಜ. ಹುಳ ಪೊರೆ ಬಿಡಲು ತಲೆಯೆತ್ತಿಕೊಂಡು ಮಿಸುಕದೆ ಕೂರುವುದಕ್ಕೆ ಶಿಡ್ಲಘಟ್ಟದ ಕಡೆ ಜ್ವರ ಅಂತಲೇ ಹೆಸರು. ಇದು ನಾಲ್ಕನೆಯದು, ಕೊನೆಯದು. ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಸೊಪ್ಪು ಮುಟ್ಟವು. ಎದ್ದ ಮೇಲೆ ಕೇಳಬೇಡಿ! ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಆಮೇಲಿನ ಏಳೆಂಟು ದಿನಕ್ಕೇ ಬೇಕು. ಆಗ ವ್ಯಾನು ತೋಟಕ್ಕೂ ಮನೆಗೂ ಎಡತಾಕುತ್ತಲೇ ಇರುತ್ತದೆ. ಬ್ರೇಕ್ ಬಿಚ್ಚುವುದಿದ್ದರೆ ಇವತ್ತೇ.

ವ್ಯಾನಿನ ನಂಬರು ಕೆಎ-07. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು, ಹೊಸ ಗಾಡಿಗಳು ಕೆಎ-40 ಆದವು, ಇದು ಮಾತ್ರ ಇನ್ನೂ ಕೋಲಾರದ್ದೇ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಮಾವನ ಅಂಗಳದಲ್ಲಿ ಆ ಸುದ್ದಿಗೆ ಬೆಲೆಯಿಲ್ಲ. ಹಿಂದಿನ ಸೀಟು ಕಿತ್ತ ಜಾಗದಲ್ಲಿ ಸೊಪ್ಪು, ಗೂಡಿನ ಚೀಲ, ಸೀಸನ್ನಿನಲ್ಲಿ ಚಿಂತಾಮಣಿ ಮಾರ್ಕೆಟ್ಟಿಗೆ ಟೊಮೆಟೊ ಬಾಕ್ಸು. ಗೂಡು ಹಗುರ. ಬ್ರೇಕ್ ತಿಂದದ್ದು ಟೊಮೆಟೊ.

ಬಿಚ್ಚುವುದು ಹಿಂದಿನ ಬ್ರೇಕು, ಮುಂದಿನ ಚಕ್ರಗಳಿಗೆ ಎರಡೆರಡು ಸೈಜುಗಲ್ಲು. ಹ್ಯಾಂಡ್ ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರವನ್ನೇ ಆದ್ದರಿಂದ ಅದನ್ನು ಬಿಡಲೇಬೇಕು. ಗಾಡಿ ಈಗ ಕಲ್ಲಿನ ನಂಬಿಕೆಯ ಮೇಲೆ ನಿಂತಿದೆ. ಗಾಲಿ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿ, ಆಮೇಲೆ ಜಾಕಿ. ಗಾಲಿ ಬಂತು, ಡ್ರಮ್ ಬರಲಿಲ್ಲ. ತುಕ್ಕು ಕಚ್ಚಿಕೊಂಡಿದೆ. ನಾನು ಸುತ್ತಿಗೆ ಎತ್ತಿದೆ.

“ಒಡೀಬ್ಯಾಡ ಕಣೋ, ತಡಿ.”

ಡ್ರಮ್ಮಿನ ಮುಖದಲ್ಲಿ ಥ್ರೆಡ್ ಇರುವ ಎರಡು ತೂತುಗಳಿವೆ. ಮಾವ ಅವಕ್ಕೆರಡು 12 ನಂಬರ್ ಬೋಲ್ಟು ಹಾಕಿ, ಇತ್ತ ಅರ್ಧ ಸುತ್ತು ಅತ್ತ ಅರ್ಧ ಸುತ್ತು ತಿರುಗಿಸಿದ. ಡ್ರಮ್ ತಾನಾಗಿ ಮುಂದೆ ಸರಿದು ಬಂತು.

ಒಳಗೆ ಅರ್ಧಚಂದ್ರದ ಹಾಗೆ ಎರಡು ಶೂ, ಮೇಲೆ ಕಪ್ಪು ಪುಡಿ. ಒಂದರ ಲೈನಿಂಗ್ ಒಂದು ತುದಿಯಲ್ಲಿ ಉಗುರಿನಷ್ಟು ತೆಳ್ಳಗಾಗಿದೆ. ಪುಡಿ ಊದಲು ಬಾಯಿ ಹತ್ತಿರ ಒಯ್ದವನಿಗೆ ಬೈಗುಳ ಬಿತ್ತು. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಎದೆಗೆ ಹೋದರೆ ಕೆಟ್ಟದ್ದು. ಹಾಗಾದರೆ ಪೆಟ್ರೋಲ್‌ನಲ್ಲಿ ತೊಳೆಯೋಣ ಅಂದೆ. ಹುಳದ ಮನೆ ಬಾಗಿಲಲ್ಲಿ ಅತ್ತೆ.

“ಪೆಟ್ರೋಲ್ ವಾಸ್ನೆ ಒಳಕ್ಕೆ ಬಂದ್ರೆ ನೋಡು! ಒಂದು ಹುಳ ಏಳಲ್ಲ.”

ಸೋಪಿನ ನೀರೇ ಗತಿ. ಪುಡಿ ಎದ್ದು ಹಾರಲಿಲ್ಲ, ಕಪ್ಪು ಕೆಸರಾಗಿ ಬಕೆಟ್ಟಿಗಿಳಿಯಿತು. ತೊಳೆದ ಡ್ರಮ್, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಪಕ್ಕ ಬಿಸಿಲಿಗೆ ಒರಗಿತು.

ಇನ್ನೊಂದು ಕಡೆಯ ಗಾಲಿಯನ್ನು ಮಾವ ಮುಟ್ಟಿಯೇ ಇರಲಿಲ್ಲ. ಯಾವ ಸ್ಪ್ರಿಂಗು ಯಾವ ತೂತಿಗೆ ಅಂತ ಮರೆತರೆ ಅದನ್ನು ಬಿಚ್ಚಿ ನೋಡಿಕೊಳ್ಳಬಹುದು. ಲಕ್ಷ ಸಂಬಳದ ಎಂಜಿನಿಯರ್ ಅಳಿಯನಿಗೆ ಇದು ಹೊಳೆದಿರಲಿಲ್ಲ. ಸಿಲಿಂಡರಿನ ರಬ್ಬರು ಎತ್ತಿ ನೋಡಿದೆವು, ಆಯಿಲ್ ಒಸರಿಲ್ಲ. ಅಷ್ಟರಲ್ಲಿ ಮಾವನ ಮೊಮ್ಮಗ ಡ್ರೈವರ್ ಸೀಟೇರಿದ.

“ಬ್ರೇಕ್ ತುಳಿದೀಯ, ಜೋಕೆ!” ಡ್ರಮ್ ಇಲ್ಲದಾಗ ಪೆಡಲ್ ಒತ್ತಿದರೆ ಪಿಸ್ಟನ್ ಹೊರಕ್ಕೆ ಹಾರುತ್ತದೆ. ಹುಡುಗ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೂತ.

ಹೊಸ ಶೂಗೆ ಸ್ಪ್ರಿಂಗ್ ಎಳೆದು ಸಿಕ್ಕಿಸುವಾಗ ಇಕ್ಕಳ ಜಾರಿತು. ಟಣ್! ಹುಲ್ಲಲ್ಲಿ ಹುಡುಕಿದೆವು, ಗಾಡಿ ಅಡಿ ಹುಡುಕಿದೆವು. ಕಾಲು ಗಂಟೆ ಬಿಟ್ಟು ಸಿಕ್ಕಿದ್ದು ಚಂದ್ರಿಕೆಯ ಬಿದಿರು ಸುರುಳಿಯಲ್ಲಿ, ಗೂಡು ಕಟ್ಟಲು ಹತ್ತಿದ ಹುಳದ ಹಾಗೆ ಮೂಲೆ ಹಿಡಿದು ಕೂತಿತ್ತು.

ಎರಡೂ ಕಡೆ ಮುಗಿಯುವಷ್ಟರಲ್ಲಿ ಹೊತ್ತು ವಾಲಿತ್ತು. ಈಗ ಹುಡುಗನ ಸರದಿ. ಅವನು ನಿಂತುಕೊಂಡೇ ಪೆಡಲ್ ತುಳಿದ, ಮಾವ ಎಣಿಸಿದ: ಒಕಟಿ, ರೆಂಡು, ಮೂಡು... ಮನೆಯಲ್ಲಿ ಮಾತೆಲ್ಲ ಕನ್ನಡ, ಲೆಕ್ಕ ಮಾತ್ರ ತೆಲುಗು. ಐದಕ್ಕೆ ಪೆಡಲ್ ಗಟ್ಟಿಯಾಯಿತು. ಕಲ್ಲು ತೆಗೆದು ಮಾವ ಕೆರೆ ಏರಿಯವರೆಗೆ ನಿಧಾನ ಓಡಿಸಿಕೊಂಡು ಬಂದ, ಅಂಗಳದ ಇಳಿಜಾರಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಕೈ ಬಿಟ್ಟ. ಗಾಡಿ ಅಲ್ಲೇ ನಿಂತಿತು.

ಅತ್ತೆ ಕೇಳಿದ್ದು ಬ್ರೇಕಿನ ವಿಷಯವಲ್ಲ.

“ಒಳಗಡೆ ಎಲ್ಲಾ ತೊಳ್ದಿದ್ದೀರಾ? ನಾಳೆ ಅದ್ರಲ್ಲೇ ಸೊಪ್ಪು ತರ್ಬೇಕು.”