ಹೈರಾಕ್ಸ್ ಫಲಿತಾಂಶದ ಪಟ್ಟಿ ಓದುವುದು ಹೇಗೆ? ಸಿಡ್ನಿಯಿಂದ ಮೆಲ್ಬೋರ್ನ್‌ವರೆಗೆ ಒಂದು ಲೆಕ್ಕ



ಈಚೆಗೆ ಸಂಘದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತರೆ ಕ್ರಿಕೆಟ್, ಮನೆ ಸಾಲದ ಬಡ್ಡಿ, ಮಕ್ಕಳ ಪರೀಕ್ಷೆಗಳ ಜೊತೆಗೆ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ: ಹೈರಾಕ್ಸ್. ಓಡಿ ಬಂದವರನ್ನು ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ, "ಟೈಮ್ ಎಷ್ಟು ಬಂತು?" ಆ ಒಂದು ಅಂಕಿಯಿಂದ ತಿಳಿಯುವುದು ಬಹಳ ಕಡಿಮೆ. ಅದರ ಹಿಂದಿರುವ ಇಪ್ಪತ್ತಕ್ಕೆ ಹತ್ತಿರದ ಅಂಕಿಗಳನ್ನು ಓದಲು ಬಂದರೆ ಮಾತ್ರ ಓಡಿದವರಿಗೆ ಪ್ರಯೋಜನ. ಹಾಗೆ ಓದದೆ ಕೈಬಿಡುವವರೂ ಇದ್ದಾರೆ. ನಮ್ಮ ಮನೆಯಲ್ಲೇ ಅಂಥದ್ದೊಂದು ಪ್ರಸಂಗ ಬಂದಿತ್ತು. ಅದಕ್ಕೇ ಈ ಲೇಖನ.

ಮೊದಲಿಗೆ, ಗೊತ್ತಿಲ್ಲದವರಿಗಾಗಿ ಎರಡು ಮಾತು. ಹೈರಾಕ್ಸ್ ಎಂದರೆ ಸೂರಿನಡಿ ನಡೆಯುವ ಫಿಟ್‌ನೆಸ್ ರೇಸು. ಜರ್ಮನಿಯ ಕ್ರಿಶ್ಚಿಯನ್ ಟೋಟ್ಸ್ಕೆ ಮತ್ತು ಮೊರಿಟ್ಸ್ ಫ್ಯೂರ್ಸ್ಟೆ ಇದನ್ನು ಹುಟ್ಟುಹಾಕಿದರು. ಈ ಫ್ಯೂರ್ಸ್ಟೆ 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಹಾಕಿ ಚಿನ್ನ ಗೆದ್ದ ಜರ್ಮನ್ ತಂಡದಲ್ಲಿದ್ದವರು. ಮೊದಲ ರೇಸು 2018ರಲ್ಲಿ ಹ್ಯಾಂಬರ್ಗ್‌ನಲ್ಲಿ ನಡೆಯಿತು. ಭಾರತಕ್ಕೆ ಬಂದದ್ದು 2025ರ ಮೇ ತಿಂಗಳಲ್ಲಿ, ಮುಂಬೈಗೆ.

ಎಲ್ಲ ಊರಿನಲ್ಲೂ ನಿಯಮ ಒಂದೇ. ಒಂದು ಕಿಲೋಮೀಟರ್ ಓಟ, ಆಮೇಲೆ ಒಂದು ಕಸರತ್ತು. ಹೀಗೆ ಎಂಟು ಸಲ. ಕಸರತ್ತುಗಳ ಕ್ರಮವೂ ಬದಲಾಗುವುದಿಲ್ಲ: ಸ್ಕೀ ಯಂತ್ರದಲ್ಲಿ 1000 ಮೀಟರ್, ಭಾರದ ಸ್ಲೆಡ್ ತಳ್ಳುವುದು 50 ಮೀಟರ್, ಸ್ಲೆಡ್ಡನ್ನು ಹಗ್ಗದಿಂದ ಎಳೆಯುವುದು 50 ಮೀಟರ್, ನೆಲಕ್ಕೆ ಎದೆ ಮುಟ್ಟಿಸಿ ಎದ್ದು ಮುಂದಕ್ಕೆ ಹಾರುವ ಬರ್ಪಿ 80 ಮೀಟರ್, ರೋಯಿಂಗ್ ಯಂತ್ರದಲ್ಲಿ 1000 ಮೀಟರ್, ಎರಡು ಕೈಯಲ್ಲಿ ಭಾರ ಹಿಡಿದು 200 ಮೀಟರ್ ನಡಿಗೆ, ಮರಳು ಚೀಲ ಹೊತ್ತು ಮಂಡಿಯೂರುತ್ತಾ 100 ಮೀಟರ್, ಕೊನೆಗೆ ತೂಕದ ಚೆಂಡನ್ನು ಗುರಿಗೆ 100 ಸಲ ಎಸೆಯುವುದು. ಬಾವಿಯಿಂದ ನೀರು ಸೇದಿ, ಎರಡು ಕೈಯಲ್ಲೂ ಕೊಡ ಹಿಡಿದು ತಂದ ನಮ್ಮ ಅಜ್ಜಿಯಂದಿರು ಇದನ್ನು ನೋಡಿದ್ದರೆ "ಇದಕ್ಕೆ ದುಡ್ಡು ಬೇರೆ ಕೊಡ್ತೀರಾ?" ಎನ್ನುತ್ತಿದ್ದರೇನೋ!

ನನ್ನ ಹೆಂಡತಿಗೆ ಈಗ 44 ವರ್ಷ. ಅವಳ ತಾಯಿಗೆ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ಇವಳ ರಕ್ತ ಪರೀಕ್ಷೆಯಲ್ಲೂ ಸಕ್ಕರೆ ಗಡಿ ದಾಟಲು ಹವಣಿಸುತ್ತಿತ್ತು. ಡಾಕ್ಟರು ಊಟದ ಜೊತೆಗೆ ವ್ಯಾಯಾಮವನ್ನೂ ಗಂಭೀರವಾಗಿ ತೆಗೆದುಕೊಳ್ಳಿ ಎಂದರು. ಜಿಮ್‌ಗೆ ಸೇರಿದಳು, ಗೆಳತಿಯರು ಸಿಕ್ಕರು, 2025ರ ಜುಲೈನಲ್ಲಿ ಸಿಡ್ನಿ ಒಲಿಂಪಿಕ್ ಪಾರ್ಕ್‌ನ ರೇಸಿಗೆ ಓಪನ್ ದರ್ಜೆಯಲ್ಲಿ ಹೆಸರು ಕೊಟ್ಟಳು. ಮುಗಿಸಿದ್ದು 1 ಗಂಟೆ 56 ನಿಮಿಷದಲ್ಲಿ. ಮನೆಗೆ ಬಂದು ತನ್ನ ವಯಸ್ಸಿನವರ ಪಟ್ಟಿಯಲ್ಲಿ ಕೆಳಗಿನಿಂದ ಹುಡುಕಿದರೆ ಬೇಗ ಸಿಗುವ ತನ್ನ ಹೆಸರು ನೋಡಿ, "ಸಾಕ್ರೀ, ಇದು ನಮ್ಮಂಥೋರಿಗಲ್ಲ. ನನ್ನ ತೋಳಲ್ಲಿ ಶಕ್ತೀನೇ ಇಲ್ಲ" ಅಂದಳು.

ಶಕ್ತಿ ಇಲ್ಲ ಎನ್ನುವುದು ನಿಜವೇ? ಕಾಲಿಗೆ ಕಟ್ಟಿದ ಚಿಪ್ ಪ್ರತಿ ಹಂತದ ಸಮಯವನ್ನೂ ಬರೆದಿಟ್ಟಿರುತ್ತದೆ. ಅದನ್ನೆಲ್ಲ ಎಕ್ಸೆಲ್ ಹಾಳೆಗೆ ಇಳಿಸಿದೆ. ಒಟ್ಟು ಸಮಯವನ್ನು ಮೂರು ಭಾಗ ಮಾಡಿದಾಗ ಹೀಗೆ ಬಂತು:

ಎಂಟು ಓಟಗಳು: 60 ನಿಮಿಷ 30 ಸೆಕೆಂಡು
ಎಂಟು ಕಸರತ್ತುಗಳು: 44 ನಿಮಿಷ 50 ಸೆಕೆಂಡು
ರಾಕ್ಸ್‌ಝೋನ್: 10 ನಿಮಿಷ 40 ಸೆಕೆಂಡು

ರಾಕ್ಸ್‌ಝೋನ್ ಎಂದರೆ ಓಟದ ದಾರಿಗೂ ಕಸರತ್ತಿನ ಜಾಗಕ್ಕೂ ನಡುವಿನ ಓಡಾಟದ ಪ್ರದೇಶ. ಅಂದರೆ ಅವಳ ಸಮಯದ ಅರ್ಧಕ್ಕಿಂತ ಹೆಚ್ಚು ಹೋದದ್ದು ಓಟಕ್ಕೆ. ನೋಡುವವರ ಕಣ್ಣಿಗೆ ಬೀಳುವುದು ಸ್ಲೆಡ್ಡು, ಮರಳು ಚೀಲ. ಗಡಿಯಾರ ತಿನ್ನುವುದು ಮಾತ್ರ ಓಟ. ಹೊಸಬರು ಬಹಳ ಮಂದಿ ಭಾರ ಎತ್ತುವ ಅಭ್ಯಾಸವನ್ನಷ್ಟೇ ಹೆಚ್ಚಿಸಿ ಓಟವನ್ನು ಬಿಟ್ಟುಬಿಡಲು ಕಾರಣ ಇದೇ. ಸ್ಲೆಡ್ ತಳ್ಳಲು ಇವಳಿಗೆ ಹಿಡಿದದ್ದು ಬರೀ 4 ನಿಮಿಷ 10 ಸೆಕೆಂಡು. ಸ್ಲೆಡ್ಡಿನ ತೂಕವೂ ಸೇರಿ 102 ಕೆಜಿ ಅದು! ತೋಳಲ್ಲಿ ಶಕ್ತಿ ಇಲ್ಲದವರು ಮಾಡುವ ಕೆಲಸವೇ?

ಇನ್ನು ಎಂಟು ಓಟಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು 5 ನಿಮಿಷ 50 ಸೆಕೆಂಡು. ಎಂಟನೆಯದು 8 ನಿಮಿಷ 50 ಸೆಕೆಂಡು. ಸರಾಸರಿ 7 ನಿಮಿಷ 34 ಸೆಕೆಂಡು. ಮೊದಲಿಗೂ ಕೊನೆಗೂ ಮೂರು ನಿಮಿಷದ ಅಂತರ! ರೋಗ ಇಲ್ಲೇ ಇತ್ತು. ಸಂಗೀತದ ಅಬ್ಬರ, ಅಕ್ಕಪಕ್ಕದವರ ಓಟ, ಚಪ್ಪಾಳೆ, ಇವುಗಳ ನಡುವೆ ಕಾಲು ತಾನಾಗಿ ಓಡುತ್ತದೆ. ಹಾಗೆ ಶಕ್ತಿ ಮೀರಿ ಓಡಿದಾಗ ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜನ್ ಬೇಗ ಕರಗುತ್ತದೆ, ಎದೆಬಡಿತ ಮೇಲೇರಿದ್ದು ಮತ್ತೆ ಇಳಿಯುವುದೇ ಇಲ್ಲ. ಮೊದಲ ಕಿಲೋಮೀಟರಿನಲ್ಲಿ ಮಾಡಿದ ಸಾಲವನ್ನು ಉಳಿದ ಏಳರಲ್ಲಿ ಬಡ್ಡಿ ಸಮೇತ ತೀರಿಸಬೇಕು.

ಯಾವ ಓಟ ಕುಸಿಯಿತು ಎನ್ನುವುದೂ ಮುಖ್ಯ. ಇವಳ ಅತಿ ನಿಧಾನದ ಎರಡು ಓಟಗಳು ಐದನೆಯದು ಮತ್ತು ಎಂಟನೆಯದು. ಐದರ ಹಿಂದೆ ಬರ್ಪಿ, ಎಂಟರ ಹಿಂದೆ ಮರಳು ಚೀಲದ ಮಂಡಿ ನಡಿಗೆ. ಎರಡೂ ತೊಡೆಯನ್ನು ದಣಿಸುವ ಕೆಲಸ. ಹೀಗಾಗಿ ಅವಳಿಗೆ ಬೇಕಾಗಿದ್ದದ್ದು ದಣಿದ ತೊಡೆಯಲ್ಲಿ ಓಡುವ ಅಭ್ಯಾಸ.

ಮೂರನೆಯದು ರಾಕ್ಸ್‌ಝೋನ್. ಎಂಟು ಸಲ ಒಳಗೆ, ಏಳು ಸಲ ಹೊರಗೆ, ಒಟ್ಟು 15 ಸಲ ಅಲ್ಲಿ ಹಾದುಹೋಗಬೇಕು. 10 ನಿಮಿಷ 40 ಸೆಕೆಂಡನ್ನು 15ರಿಂದ ಭಾಗಿಸಿದರೆ ಸಲಕ್ಕೆ ಸುಮಾರು 43 ಸೆಕೆಂಡು. ನೀರು ಕುಡಿಯುವುದು, ಸೊಂಟದ ಮೇಲೆ ಕೈಯಿಟ್ಟು ಉಸಿರು ತೆಗೆದುಕೊಳ್ಳುವುದು, "ಮುಂದಿನದು ಯಾವ ಕಡೆ?" ಎಂದು ಹುಡುಕುವುದು, ಎಲ್ಲವೂ ಇದರಲ್ಲಿ ಸೇರುತ್ತದೆ. ಯಾವ ತರಬೇತಿಯೂ ಇಲ್ಲದೆ ಉಳಿಸಬಹುದಾದ ಸಮಯ ಇದೊಂದೇ.

ಇಷ್ಟನ್ನು ತೋರಿಸಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮೆಲ್ಬೋರ್ನ್‌ಗೆ ಹೆಸರು ಕೊಡ್ಲಾ?" ಅಂದಳು. ಮುಂದಿನ ಐದು ತಿಂಗಳು ವಾರಕ್ಕೆ ಒಂದು ದಿನ ಮಾತಾಡುತ್ತಾ ಓಡಬಹುದಾದಷ್ಟು ನಿಧಾನದ ದೀರ್ಘ ಓಟ, ಇನ್ನೊಂದು ದಿನ ಮಂಡಿ ನಡಿಗೆ ಮುಗಿಸಿದ ತಕ್ಷಣ ಅರ್ಧ ಕಿಲೋಮೀಟರ್ ಓಟ. ಭಾರದ ಅಭ್ಯಾಸ ಮೊದಲಿದ್ದಷ್ಟೇ. ರೇಸಿನ ದಿನಕ್ಕೆ ಒಂದೇ ನಿಯಮ: ಮೊದಲ ಓಟ ಆರೂವರೆ ನಿಮಿಷಕ್ಕಿಂತ ಬೇಗ ಮುಗಿಯಕೂಡದು.

ಡಿಸೆಂಬರ್‌ನಲ್ಲಿ ಮೆಲ್ಬೋರ್ನ್‌ನ ಯಾರಾ ನದಿ ಪಕ್ಕದ ಕನ್ವೆನ್ಷನ್ ಅಂಡ್ ಎಕ್ಸಿಬಿಷನ್ ಸೆಂಟರ್‌ನಲ್ಲಿ ಓಡಿದಾಗ ಬಂದ ಲೆಕ್ಕ ಇದು:

ಓಟ: 56 ನಿಮಿಷ 40 ಸೆಕೆಂಡು
ಕಸರತ್ತು: 43 ನಿಮಿಷ 50 ಸೆಕೆಂಡು
ರಾಕ್ಸ್‌ಝೋನ್: 7 ನಿಮಿಷ 30 ಸೆಕೆಂಡು
ಒಟ್ಟು: 1 ಗಂಟೆ 48 ನಿಮಿಷ

ಉಳಿದ ಎಂಟು ನಿಮಿಷದಲ್ಲಿ ಕಸರತ್ತಿನ ಪಾಲು ಒಂದೇ ನಿಮಿಷ. ಮಿಕ್ಕ ಏಳು ನಿಮಿಷ ಬಂದದ್ದು ಓಟದಿಂದ ಮತ್ತು ನಿಲ್ಲದೆ ನಡೆದದ್ದರಿಂದ. ಮೊದಲ ಓಟ 6 ನಿಮಿಷ 40 ಸೆಕೆಂಡು, ಕೊನೆಯದು 7 ನಿಮಿಷ 35 ಸೆಕೆಂಡು. ನಿಧಾನವಾಗಿ ಹೊರಟು ಬೇಗ ತಲುಪಿದಳು.

ಇಲ್ಲಿ ಒಂದು ಎಚ್ಚರಿಕೆ. ಎರಡು ಊರಿನ ಒಟ್ಟು ಸಮಯವನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡಬಾರದು. ಒಂದೊಂದು ಸಭಾಂಗಣದಲ್ಲಿ ಓಟದ ಸುತ್ತಿನ ಉದ್ದ, ತಿರುವುಗಳು, ರಾಕ್ಸ್‌ಝೋನ್‌ನ ವಿಸ್ತಾರ ಬೇರೆ. ಸ್ಲೆಡ್ ಜಾರುವ ಕಾರ್ಪೆಟ್ಟೂ ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು. ಆದ್ದರಿಂದ ನಾನು ಹೆಚ್ಚು ನಂಬುವುದು ಅದೇ ರೇಸಿನ ಒಳಗಿನ ಹೋಲಿಕೆಯನ್ನು. ಮೊದಲ ಮತ್ತು ಕೊನೆಯ ಓಟದ ಅಂತರ 3 ನಿಮಿಷದಿಂದ 55 ಸೆಕೆಂಡಿಗೆ ಇಳಿದಿದೆ. ಅಷ್ಟು ದೊಡ್ಡ ಬದಲಾವಣೆಗೆ ಕಾರ್ಪೆಟ್ ಕಾರಣವಾಗಲಾರದು. ಇನ್ನು ಬೇರೆಯವರ ಜೊತೆ ಹೋಲಿಕೆ ಬೇಡವೇ ಬೇಡ. ಅಮೆರಿಕದ ಹಂಟರ್ ಮ್ಯಾಕಿಂಟೈರ್ 2023ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಇದೇ ಎಂಟು ಓಟ, ಎಂಟು ಕಸರತ್ತನ್ನು ಇನ್ನೂ ಹೆಚ್ಚಿನ ಭಾರದೊಂದಿಗೆ 53 ನಿಮಿಷ 22 ಸೆಕೆಂಡಿನಲ್ಲಿ ಮುಗಿಸಿದರು. ಅದು ಅವರ ವೃತ್ತಿ. ನಮ್ಮದು ಆಫೀಸು, ಅಡುಗೆ, ಮಕ್ಕಳ ಈಜು ತರಗತಿಗಳ ನಡುವೆ ಸಿಕ್ಕ ಒಂದು ಗಂಟೆ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಭಾರತೀಯ ಮೂಲದವರಿಗೆ ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಇವಳ ಕಳೆದ ಪರೀಕ್ಷೆಯಲ್ಲಿ ಸಕ್ಕರೆ ಮತ್ತೆ ಹತೋಟಿಗೆ ಬಂದಿತ್ತು. ರಾತ್ರಿ ಅನ್ನ ಕಡಿಮೆ ಮಾಡಿದ್ದಕ್ಕೂ ಅದರಲ್ಲಿ ಪಾಲಿದೆ. ಆದರೆ ಜುಲೈನಲ್ಲಿ ಆ ಒಂದೇ ಅಂಕಿ ನೋಡಿ ಬಿಟ್ಟಿದ್ದರೆ ವಾರದ ಆ ಓಟಗಳೂ ನಿಂತುಹೋಗುತ್ತಿದ್ದವು.

ನಿಮ್ಮ ಮನೆಯಲ್ಲೂ ಯಾರಾದರೂ ಓಡಿ ಬಂದಿದ್ದರೆ ಅವರ ಪಟ್ಟಿ ತೆಗೆದು ಮೂರು ಲೆಕ್ಕ ಮಾಡಿ: ಓಟದ ಪಾಲು ಎಷ್ಟು, ಮೊದಲ ಮತ್ತು ಕೊನೆಯ ಓಟದ ಅಂತರ ಎಷ್ಟು, ರಾಕ್ಸ್‌ಝೋನ್‌ನಲ್ಲಿ ಕಳೆದದ್ದು ಎಷ್ಟು. ಅರ್ಧ ಗಂಟೆ ಸಾಕು. ಹೊಸದಾಗಿ ಶುರು ಮಾಡುವವರು, ಅದರಲ್ಲೂ ನಲವತ್ತು ದಾಟಿದವರು, ಮೊದಲು ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ. ಎಕ್ಸೆಲ್ ಹಾಳೆ ಬೇಕಾದವರು ಸಂಘದ ಮುಂದಿನ ಕಾರ್ಯಕ್ರಮದಲ್ಲಿ ನನ್ನನ್ನು ಹುಡುಕಿ. ಊಟದ ಸಾಲಿನಲ್ಲೇ ಇರುತ್ತೇನೆ!


ಸಂಘದ ಒಬ್ಬ ಸದಸ್ಯ, ಸಿಡ್ನಿ