ಸರ್ವರಿನಿಂದ ತೆಗೆದ ಹಳೆಯ ಸಾಫ್ಟ್‌ವೇರ್ ಎಲ್ಲಿಗೆ ಹೋಗುತ್ತದೆ?

ಹಳೆಯ ಲಿನಕ್ಸ್ ಕಂಪ್ಯೂಟರನ್ನು ಬಹಳ ದಿನಗಳ ನಂತರ ಅಪ್‌ಡೇಟ್ ಮಾಡಹೊರಟರೆ ಕೆಲವೊಮ್ಮೆ '404 ನಾಟ್ ಫೌಂಡ್' ಎಂದು ಬರುತ್ತದೆ. ಇಂಟರ್ನೆಟ್ ಕೈಕೊಟ್ಟಿದೆ ಎಂದುಕೊಳ್ಳುತ್ತೇವೆ. ಬೇರೆ ಸರ್ವರ್ ಆರಿಸಿದರೂ ಅದೇ ಉತ್ತರ. ಏಕೆ ಹೀಗೆ?

ಡೆಬಿಯನ್ ಲಿನಕ್ಸಿನ ಉದಾಹರಣೆ ನೋಡೋಣ. ಅದರ ಸಾಫ್ಟ್‌ವೇರ್‌ಗಳೆಲ್ಲ ಒಂದು ಮುಖ್ಯ ಭಂಡಾರದಲ್ಲಿರುತ್ತವೆ. ಬೇರೆ ಬೇರೆ ದೇಶಗಳ 'ಮಿರರ್' ಸರ್ವರ್‌ಗಳು ಅದನ್ನು ದಿನಕ್ಕೆ ಹಲವು ಬಾರಿ ನಕಲು ಮಾಡಿಕೊಳ್ಳುತ್ತವೆ. ಮುಖ್ಯ ಭಂಡಾರಕ್ಕೆ ಸೇರಿಸಿದ್ದು ಮಿರರ್‌ಗೂ ಬರುತ್ತದೆ. ಅಲ್ಲಿ ಅಳಿಸಿದ್ದು ಇಲ್ಲೂ ಅಳಿಯುತ್ತದೆ.

2017ರಲ್ಲಿ ಬಂದ ಡೆಬಿಯನ್ 9ಕ್ಕೆ ಆ ಯೋಜನೆಯ ಭದ್ರತಾ ತಿದ್ದುಪಡಿಗಳು 2022ರಲ್ಲಿ ನಿಂತವು. 2023ರಲ್ಲಿ ಅದನ್ನು ಮಿರರ್‌ಗಳಿಂದ ತೆಗೆದರು. ಆದರೆ ಅದು ನಾಶವಾಗಿಲ್ಲ. 1990ರ ದಶಕದ ಆವೃತ್ತಿಗಳ ಜೊತೆಗೆ ಡೆಬಿಯನ್ನಿನ ಆರ್ಕೈವ್ ಸರ್ವರಿನಲ್ಲಿದೆ. ಕಂಪ್ಯೂಟರಿನಲ್ಲಿ ಆ ವಿಳಾಸ ಕೊಟ್ಟರೆ 404 ಮಾಯವಾಗುತ್ತದೆ.

ಅಲ್ಲಿಗೆ ಸಮಸ್ಯೆ ಮುಗಿಯಿತೇ? ಇಲ್ಲ. ಆರ್ಕೈವ್‌ನಲ್ಲಿ ಹಳೆಯ ಫೈಲುಗಳು ಸಿಗುತ್ತವೆಯೇ ಹೊರತು ಹೊಸ ತಿದ್ದುಪಡಿಗಳಲ್ಲ. ಸರ್ವರಿನಿಂದ ತೆಗೆದ ಮಾತ್ರಕ್ಕೆ ನಮ್ಮ ಕಂಪ್ಯೂಟರಿನಲ್ಲಿರುವ ಪ್ರತಿಯೂ ಅಳಿಯುವುದಿಲ್ಲ. ಅದು ಎಂದಿನಂತೆ ಓಡುತ್ತಿರುತ್ತದೆ, ಆಮೇಲೆ ಪತ್ತೆಯಾದ ಭದ್ರತಾ ಲೋಪಗಳೂ ಹಾಗೆಯೇ ಉಳಿದಿರುತ್ತವೆ. ಆ ಲೋಪಗಳ ವಿವರ ಎಲ್ಲರಿಗೂ ಸಿಗುವಂತಿರುವುದರಿಂದ ಕನ್ನ ಹಾಕುವವರ ಕೆಲಸ ಸುಲಭ.

ಆದ್ದರಿಂದ ಇಂತಹ 404 ಬಂದರೆ, ಮೊದಲು ನಿಮ್ಮ ಆವೃತ್ತಿಯ ಅವಧಿ ಮುಗಿದಿದೆಯೇ ನೋಡಿ. ಮುಗಿದಿದ್ದರೆ ಕಡತಗಳ ಬ್ಯಾಕಪ್ ತೆಗೆದಿಟ್ಟು ಹೊಸ ಆವೃತ್ತಿ ಹಾಕಿಕೊಳ್ಳಿ. ಯಾವುದೋ ಹಳೆಯ ಯಂತ್ರಕ್ಕಾಗಿ ಅದೇ ಆವೃತ್ತಿ ಬೇಕೇಬೇಕೆಂದರೆ, ಆ ಕಂಪ್ಯೂಟರಿನ ಇಂಟರ್ನೆಟ್ ಸಂಪರ್ಕ ತೆಗೆದುಬಿಡುವುದು ಒಳ್ಳೆಯದು.