ಆಮ್ಸ್ಟರ್‌ಡ್ಯಾಮಿನ ಮಗಳು ಹಾಕಿಕೊಟ್ಟ ಲಿನಕ್ಸ್

ಪ್ರಶ್ನೆ: ಆಮ್ಸ್ಟರ್‌ಡ್ಯಾಮಿನಲ್ಲಿರುವ ಮಗಳು ರಜೆಗೆ ಬಂದಾಗ ನನ್ನ ಹಳೆಯ ಲ್ಯಾಪ್‌ಟಾಪಿನ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದಳು. 'ಇದರ ಬೇರು ನಮ್ಮೂರಲ್ಲಿದೆ' ಎನ್ನುತ್ತಾಳೆ. ನಿಜವೇ? 'ನುಡಿ' ತಂತ್ರಾಂಶ ಇಲ್ಲದೆ ಕನ್ನಡ ಬರೆಯುವುದು ಹೇಗೆ?

ಉತ್ತರ: ಮಗಳ ಮಾತು ಅರ್ಧ ನಿಜ. ಆಮ್ಸ್ಟರ್‌ಡ್ಯಾಮಿನ ವ್ರೈಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಆಂಡ್ರ್ಯೂ ಟಾನೆನ್‌ಬಾಮ್, ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಒಳಗನ್ನು ತರಗತಿಯಲ್ಲಿ ತೋರಿಸಲು ಲೈಸೆನ್ಸ್ ಅಡ್ಡ ಬಂದದ್ದರಿಂದ, ತಾವೇ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆ ಬರೆದು 1987ರಲ್ಲಿ ಪಠ್ಯಪುಸ್ತಕದೊಂದಿಗೆ ಹೊರತಂದರು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ತನ್ನ 386 ಕಂಪ್ಯೂಟರಿಗೆ ಹಾಕಿಕೊಂಡು, ಅದರ ಮೇಲೆಯೇ ಕೆಲಸ ಮಾಡುತ್ತ 1991ರಲ್ಲಿ ಲಿನಕ್ಸ್ ಕಟ್ಟಿದ. ಕೋಡ್ ಅವನದೇ, ಆದರೆ ಫೈಲುಗಳನ್ನು ಜೋಡಿಸಿಡುವ ಕ್ರಮ ಮೊದಮೊದಲು ಮಿನಿಕ್ಸ್‌ನದು. ಮರುವರ್ಷವೇ ಮೇಷ್ಟ್ರು 'ಲಿನಕ್ಸ್ ಹಳತಾಯಿತು' ಎಂದು ಬರೆದರು! ಆ ಭವಿಷ್ಯ ಫಲಿಸಲಿಲ್ಲ ಬಿಡಿ.

ಇನ್ನು ಕನ್ನಡ. ನುಡಿಯ ಕೀಲಿಮಣೆ, ಅಂದರೆ ಕೆ.ಪಿ. ರಾವ್ ವಿನ್ಯಾಸದ್ದು, ಲಿನಕ್ಸಿನಲ್ಲೂ ಸಿಗುತ್ತದೆ. ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಜೊತೆಗೆ ಎಂ17ಎನ್ ಎಂಬ ಕೀಲಿಮಣೆ ಸಂಗ್ರಹ ಹಾಕಿಸಿ, ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ 'ಕೆಜಿಪಿ' ಆರಿಸಿ. ಕೆ, ಎಫ್, ಕೆ ಒತ್ತಿದರೆ 'ಕ್ಕ' ಮೂಡುತ್ತದೆ. ನಿಮ್ಮ ಬೆರಳಿಗೆ ಹೊಸ ಪಾಠವೇನೂ ಬೇಕಿಲ್ಲ. ತೊಡಕಿರುವುದು ಹಳೆಯ ಫೈಲುಗಳಲ್ಲಿ: ಯುನಿಕೋಡ್ ಅಲ್ಲದ ನುಡಿ ಫಾಂಟಿನ ಬರಹಗಳು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಸಿಕೊಳ್ಳಿ. ಒತ್ತಕ್ಷರ, ಅರ್ಕಾವತ್ತುಗಳನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ತಿದ್ದಿ. ಮೂಲ ಫೈಲನ್ನು ಅಳಿಸಬೇಡಿ.